ಫೆಬ್ರವರಿಯಲ್ಲಿ ಅನುಸೂಯಾ ಎಲ್ಲಿದ್ದಳು?

ಪುಣೆಯ ಖರಾಡಿಯ ಅನುಸೂಯಾ ಈವರೆಗೆ ವಿಮಾನ ಹತ್ತಿದವಳಲ್ಲ. ಅವಳ ಹತ್ತಿರ ಪಾಸ್‌ಪೋರ್ಟೂ ಇಲ್ಲ. ಒಂದು ದಿಕ್ಕಿಗೆ ಯಾದಗಿರಿಯವರೆಗೆ, ಇನ್ನೊಂದು ದಿಕ್ಕಿಗೆ ಒಂದೇ ಒಂದು ಸಲ ಮುಂಬಯಿಯವರೆಗೆ, ಇಷ್ಟೇ ಅವಳು ಕಂಡ ಪ್ರಪಂಚ. ಅಂಥವಳು ಈ ವರ್ಷದ ಜನವರಿಯಿಂದ ಜೂನ್‌ವರೆಗೆ ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಕೂತು ದುಡಿದಿದ್ದಾಳೆಂದು ಅಲ್ಲಿನ ಲೆಕ್ಕದ ಕಾಗದ ಹೇಳುತ್ತಿತ್ತು. ಹೇಳಿ ಸುಮ್ಮನಿರದೆ, ತಿಂಗಳು ತಿಂಗಳೂ ಅವಳ ಸಂಪಾದನೆಯಲ್ಲಿ ನೂರಕ್ಕೆ ಮೂವತ್ತು ಮುರಿದುಕೊಳ್ಳುತ್ತಿತ್ತು. ಕೇಳಿದವರಿಗೆ ನಗು ಬಂದೀತು. ಅನುಸೂಯಾಗೆ ಬರಲಿಲ್ಲ, ಯಾಕೆಂದರೆ ಡೇಟನ್‌ನಲ್ಲಿದ್ದೇನೆ ಎಂದು ಬರೆದುಕೊಟ್ಟವಳು ಅವಳೇ.

ಇದು ಹೇಗಾಯಿತು ಎಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು. ಅವಳ ಅಪ್ಪ ಶಂಕ್ರೆಪ್ಪ ಯಾದಗಿರಿ ಕಡೆಯಿಂದ ಪುಣೆಗೆ ಬಂದು ಸೆಂಟ್ರಿಂಗ್ ಕೆಲಸದಲ್ಲೇ ಆಯುಷ್ಯ ಸವೆಸಿದವನು. ಕಟ್ಟಡ ಏಳುವವರೆಗೆ ಅದರ ಬುಡದಲ್ಲೊಂದು ತಗಡಿನ ಶೆಡ್ಡು. ಎದ್ದಮೇಲೆ ಇನ್ನೊಂದು ಕಟ್ಟಡ, ಇನ್ನೊಂದು ಶೆಡ್ಡು. ಶಾಲೆಯಲ್ಲಿ ವಿಳಾಸ ಕೇಳುತ್ತಾರೆಂದು ಮಗಳು ಅಳುತ್ತ ಬಂದರೆ ಅವನು, "ಈ ಬಿಲ್ಡಿಂಗಿನ ಹೆಸರೇ ಹೇಳು. ಕಟ್ಟಾವ್ರು ನಾವೇ ಹೌದಿಲ್ಲೋ? ಯಾರ್ ಬಂದು ನೋಡ್ತಾರ?" ಎನ್ನುತ್ತಿದ್ದ. ಹೀಗೆ ಹತ್ತನೆಯ ಇಯತ್ತೆ ಮುಗಿಸುವುದರೊಳಗೆ ಅನುಸೂಯಾ ಆರು ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಬದುಕಿದ್ದಳು, ರಿಜಿಸ್ಟರಿನಲ್ಲಿ. ಅದನ್ನು ತಿರುವಿ ನೋಡಿದವರು ಇವಳನ್ನು ಯಾವನೋ ಬಿಲ್ಡರನ ಮಗಳೆಂದೇ ತಿಳಿಯಬೇಕು. ಕೆಲಸ ಇದ್ದಲ್ಲೇ ಮನೆ ಎಂದು ಬರೆಯುವ ಚಟ ಅಲ್ಲಿಂದ ಹತ್ತಿತು.

ಆ ಚಟಕ್ಕೆ ಮೆರುಗು ಕೊಟ್ಟವನು ಮನೋಜ. ಕಾಲೇಜು ಮುಗಿಸಿ ಅವಳು ಖರಾಡಿಯ ಒಂದು ಕಾಲ್ ಸೆಂಟರ್ ಸೇರಿದಾಗ ಅವನು ಅಲ್ಲಿ ತರಬೇತಿ ಕೊಡುತ್ತಿದ್ದ, ಮೈಸೂರಿನ ಕಡೆಯ ಹುಡುಗ. ಕನ್ನಡದವಳೆಂದು ತಿಳಿದು ಬಿಡುವಿನಲ್ಲಿ ಬೇರೆಯಾಗಿ ಕೂರಿಸಿಕೊಂಡು ಹೇಳಿಕೊಟ್ಟಿದ್ದ.

"ನೋಡಿ ಮೇಡಂ, ಕಸ್ಟಮರ್‌ಗೆ ನೀವು ಪಕ್ಕದ ಬೀದೀಲೇ ಇದೀರ ಅನ್ನಿಸ್ಬೇಕು. ಇಂಡಿಯಾ ಅಂತ ಗೊತ್ತಾದ್ರೆ ಫೋನ್ ಕಟ್ ಮಾಡ್ತಾರೆ, ಅಷ್ಟೇ. ಅಲ್ಲಿನ ವೆದರ್ ಬಾಯಿಪಾಠ ಇರ್ಲಿ. ಯಾರೇ ಕೇಳ್ಲಿ, ಎಷ್ಟು ಸಲ ಕೇಳ್ಲಿ, ನೀವು ಇರೋದು ಅಲ್ಲೇ."

ಅನುಸೂಯಾ ಒಳ್ಳೆಯ ವಿದ್ಯಾರ್ಥಿನಿ. ಕಾಲ್ ಸೆಂಟರ್ ಬಿಟ್ಟು ಸ್ವಂತಕ್ಕೆ ಕೆಲಸ ಹಿಡಿದು ಈಗ ಎಂಟು ವರ್ಷ. ಡೇಟನ್‌ನಲ್ಲಿ ನಲ್ಲಿ, ಪೈಪು ರಿಪೇರಿ ಮಾಡಿಸುವ ಗ್ಯಾರಿ ಎಂಬವನ ಒಂದು ಕಂಪನಿ ಇದೆ. ಅಲ್ಲಿ ಕತ್ತಲಾದಮೇಲೆ ಯಾರ ಮನೆಯಲ್ಲಾದರೂ ಪೈಪು ಒಡೆದರೆ, ಆ ಫೋನು ಬಂದು ಬೀಳುವುದು ಖರಾಡಿಯ ಐಟಿ ಪಾರ್ಕಿನ ಹಿಂಬದಿಯ ಚಾಳಿನ ಸಾಲುಮನೆಯಲ್ಲಿ, ಬೆಳಗಿನ ಐದರಿಂದ ಹನ್ನೊಂದರವರೆಗೆ. ಅವಳು 'ಆನಾ' ಎಂಬ ಹೆಸರಿನಲ್ಲಿ ಎತ್ತಿಕೊಂಡು, ಮುಖ್ಯ ವಾಲ್ವು ಯಾವ ಕಡೆ ತಿರುಗಿಸಬೇಕೆಂದು ಹೇಳಿ, ಇಲ್ಲೂ ವಿಪರೀತ ಹಿಮ ಬೀಳುತ್ತಿದೆ ಎಂದು ಕನಿಕರಿಸಿ, ಪ್ಲಂಬರನನ್ನು ಗೊತ್ತುಮಾಡುತ್ತಾಳೆ. ತನ್ನ ಓಣಿಯ ನಲ್ಲಿಗೆ ದಿನಕ್ಕೆ ಮುಕ್ಕಾಲು ಗಂಟೆ ನೀರು ಬರುವ ಹೆಂಗಸು, ನೀರು ನಿಲ್ಲುತ್ತಿಲ್ಲವೆಂದು ಗೋಳಾಡುವವರಿಗೆ ಸಮಾಧಾನ ಹೇಳುವ ಕೆಲಸ ಅದು. ದುಡ್ಡು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಕಷ್ಟವೆಲ್ಲ ಅವ್ವನದು. ಅವ್ವಮ್ಮನ ಗಂಟಲು ಕಟ್ಟಡದ ಕೆಳಗಿನಿಂದ ನಾಲ್ಕನೇ ಮಹಡಿಯ ಗಂಡನನ್ನು ಊಟಕ್ಕೆ ಕರೆದು ಪಳಗಿದ ಗಂಟಲು. ಅಂಥವಳು ಎಂಟು ವರ್ಷದಿಂದ ಹನ್ನೊಂದು ಗಂಟೆಯವರೆಗೆ ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ ಓಡಾಡಬೇಕು. ಕುಕ್ಕರ್ ಇಡುವ ಹಾಗಿಲ್ಲ. ಜೋಳದ ರೊಟ್ಟಿ ಬಡಿಯುವ ಹಲಗೆಯ ಕೆಳಗೆ ಹಳೆಯ ಕೌದಿ ಹಾಸಿಕೊಂಡು ಬಡಿಯಬೇಕು. ಇಷ್ಟೆಲ್ಲ ಮಾಡಿದರೂ ತಿಂಗಳಿಗೆ ಒಂದು ಸಲವಾದರೂ ಅವಳಿಂದ ಏನೋ ಸದ್ದಾಗುತ್ತಿತ್ತು. ಗ್ಯಾರಿಯ ಕಂಪನಿಯಲ್ಲಿ ಫೋನುಗಳನ್ನು ಮತ್ತೆ ಕೇಳಿ ತಪ್ಪು ಹುಡುಕುವವರಿಂದ 'ಹಿಂಬದಿಯ ಸದ್ದು' ಎಂದು ಎಚ್ಚರಿಕೆಯ ಮೇಲ್ ಬರುತ್ತಿತ್ತು. ಅನುಸೂಯಾ ಅದನ್ನು ಓದಿ ಅವ್ವನ ಮೇಲೆ ಹರಿಹಾಯುತ್ತಿದ್ದಳು. ಅವ್ವಮ್ಮ, "ಸತ್ತವರ ಮನ್ಯಾಗರ ಇದಕ್ಕಿಂತ ಜಾಸ್ತಿ ಮಾತಿರ್ತಾವ," ಎಂದು ಗೊಣಗುತ್ತಿದ್ದಳು.

ಅವ್ವಮ್ಮ ಎಲ್ಲ ಸಹಿಸಿದ್ದು ಒಂದು ಆಸೆಗೆ. ಮನೆಯೊಳಗೇ ನಲ್ಲಿ ಇರುವ ಒಂದು ಮನೆ ಬೇಕು. ನಲವತ್ತು ವರ್ಷ ಬೇರೆಯವರ ಮನೆಗೆ ನೀರು ಹೊತ್ತು ಗೋಡೆ ನೆನೆಸಿದವಳಿಗೆ ಅಷ್ಟು ಆಸೆ ದೊಡ್ಡದೇನಲ್ಲ. ಈ ವರ್ಷ ಅದು ಕೈಗೆ ಬರುವ ಹಾಗಾಗಿತ್ತು. ಖರಾಡಿಯ ಆಚೆ ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟು. ಜುಲೈ ಮೂವತ್ತೊಂದರೊಳಗೆ ಬ್ಯಾಂಕಿನ ಸಾಲ ಮಂಜೂರಾದರೆ ಅವರದು, ಇಲ್ಲದಿದ್ದರೆ ಸಾಲಿನಲ್ಲಿದ್ದ ಮುಂದಿನವರದು. ಶಿವಾಜಿನಗರದ ಬ್ಯಾಂಕಿನವರು ಹಿಂದಿನ ವರ್ಷದ ಸಂಪಾದನೆ ನೋಡಿ ಒಪ್ಪಿ ತಲೆಯಾಡಿಸಿದ್ದರು. ಈ ವರ್ಷದ ಆರು ತಿಂಗಳ ಸ್ಟೇಟ್‌ಮೆಂಟ್ ನೋಡಿ ಮುಖ ಸಣ್ಣ ಮಾಡಿದರು. "ಇದೇನು ಮೇಡಂ, ನಿಮ್ಮ ಆಮದನಿ ಇಳಿದುಹೋಗಿದೆ?"

ಇಳಿದದ್ದು ಹೀಗೆ. ಅಮೆರಿಕದ ಕಾನೂನು ಈ ವಿಷಯದಲ್ಲಿ ಅಷ್ಟೇನೂ ಅನ್ಯಾಯದ್ದಲ್ಲ. ಹೊರದೇಶದವರು ಹೊರದೇಶದಲ್ಲೇ ಕೂತು ಮಾಡಿದ ಕೆಲಸಕ್ಕೆ ಅಲ್ಲಿ ತೆರಿಗೆ ಇಲ್ಲ, ತಮ್ಮ ದೇಶದಲ್ಲಿ ಕಟ್ಟಿಕೊಳ್ಳಲಿ. ಹೊರದೇಶದವರು ಅಮೆರಿಕದೊಳಗೆ ಬಂದು ಕೂತು ದುಡಿದರೆ ಮಾತ್ರ, ಹಣ ಕೊಡುವವನು ನೂರಕ್ಕೆ ಮೂವತ್ತು ಹಿಡಿದು ಸರಕಾರಕ್ಕೆ ಕಟ್ಟಬೇಕು. ಅನುಸೂಯಾ ತಾನು ಅಮೆರಿಕದವಳಲ್ಲ ಎಂಬ ಫಾರಮ್ಮಿಗೆ ಎಂದೋ ಸಹಿ ಹಾಕಿದ್ದಳು. ಅಲ್ಲಿಗೆ ಸರಿ. ಆದರೆ ತಿಂಗಳು ತಿಂಗಳು ಕಳಿಸುವ ಬಿಲ್ಲಿನಲ್ಲಿ 'ಕೆಲಸ ನಡೆದ ಸ್ಥಳ' ಎಂಬ ಸಾಲಿನ ಮುಂದೆ 'ಡೇಟನ್, ಓಹಾಯೋ' ಎಂದು ಬರೆಯುತ್ತ ಬಂದಿದ್ದಳು. ಎಂಟು ವರ್ಷ ಅದನ್ನು ಯಾವ ನರಪಿಳ್ಳೆಯೂ ಓದಿರಲಿಲ್ಲ. ಜನವರಿಯಲ್ಲಿ ಗ್ಯಾರಿಯ ಲೆಕ್ಕಪತ್ರಕ್ಕೆ ಡೋನಾ ಎಂಬ ಹೊಸ ಹೆಂಗಸು ಬಂದಳು. ಈಕೆ ಓದುವವಳು. ಹೊರಗಿನವಳು ಎಂದು ಫಾರಮ್ಮು, ಒಳಗೆ ಕೂತಿದ್ದಾಳೆ ಎಂದು ಬಿಲ್ಲು; ಎರಡನ್ನೂ ಜೋಡಿಸಿ ಮೂವತ್ತು ಮುರಿದಳು. ಮುರಿದದ್ದಲ್ಲದೆ ಒಂದು ಸಾಲು ಬೇರೆ ಬರೆದು ಕೇಳಿದಳು: ತಾವು ಯಾವ ವೀಸಾದ ಮೇಲೆ ಇಲ್ಲಿ ಇದ್ದೀರಿ?

ಅನುಸೂಯಾ ಗ್ಯಾರಿಗೆ ಬರೆದಳು. ಗ್ಯಾರಿ, ಡೋನಾ ನೋಡಿಕೊಳ್ಳುತ್ತಾಳೆ ಎಂದ. ಡೋನಾಗೆ ಬರೆದಳು. ಡೋನಾ, ಪುರಾವೆ ಕಳಿಸಿ ಎಂದಳು. ಮತ್ತೆ ಗ್ಯಾರಿಗೆ. ಹೀಗೆ ಅತ್ತೆಯ ಮನೆಗೂ ತವರಿಗೂ ತಿರುಗಿದ ಹಾಗೆ ಆರು ತಿಂಗಳು ತಿರುಗಿ, ಜುಲೈ ಮೊದಲ ವಾರ ಅವಳು ಸದಾಶಿವ ಪೇಠೆಗೆ ಓಡಿದಳು.

ಸದಾಶಿವ ಪೇಠೆಯ ಒಂದು ಹಳೆಯ ವಾಡೆಯಲ್ಲಿ, ಕೋಚಿಂಗ್ ಕ್ಲಾಸಿನ ಮಕ್ಕಳ ಚಪ್ಪಲಿ ರಾಶಿ ದಾಟಿದರೆ, ಭುಜಂಗರಾಯರ ಕಚೇರಿ. ಕಲಬುರ್ಗಿಯವರು, ಮೂವತ್ತು ವರ್ಷದಿಂದ ಜನರ ಇನ್‌ಕಮ್ ಟ್ಯಾಕ್ಸ್ ಕಾಗದ ತುಂಬಿಕೊಡುತ್ತಿದ್ದಾರೆ. ಜುಲೈ ಅವರಿಗೆ ಸುಗ್ಗಿ, ಅದೇ ಕಾರಣಕ್ಕೆ ಸಿಡುಕಿನ ತಿಂಗಳು. ಬಿಲ್ಲು ನೋಡಿ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು.

"ನಮ್ಮವ್ವಾ, ಡೇಟನ್ ಅಂತ ಯಾಕ ಬರದಿ?"

"ಫೋನಿನ್ಯಾಗ ದಿನಾ ಹಂಗೇ ಹೇಳ್ತೀನ್ರಿ ಕಾಕಾ. ಕೈ ಹಂಗೇ ಬರ್ಕೋತ ಹೋಯ್ತು."

"ಗಿರಾಕಿಗೆ ಹೇಳೂದು ಬ್ಯಾರೆ, ಸರಕಾರಕ್ಕ ಹೇಳೂದು ಬ್ಯಾರೆ! ಹೆಣ್ಣ ನೋಡ್ಲಾಕ ಬಂದವ್ರಿಗೆ ಹೇಳಿದ ವಯಸ್ಸು ಯಾರರ ರೇಶನ್ ಕಾರ್ಡಿನ್ಯಾಗ ಬರೀತಾರೇನು?"

"ತಪ್ಪಾಗ್ಯಾದ್ರಿ. ಈಗೇನ್ ಮಾಡ್ಲಿ ಹೇಳ್ರಿ."

"ಮಾಡೂದೇನು? ಅಲ್ಲಿ ಮೂವತ್ತು ಹೋಯ್ತು. ಇಲ್ಲಿ ನಮ್ಮ ಸರಕಾರ ನೂರಕ್ಕ ನೂರೂ ಲೆಕ್ಕಾ ಕೇಳ್ತದ. ಅಲ್ಲಿ ಕಟ್ಟೀನ್ರಿ, ವಜಾ ಮಾಡ್ಕೋರಿ ಅಂದ್ರ, ಕಟ್ಟಬಾರದ್ದು ಯಾಕ ಕಟ್ಟಿದಿ ಅಂತ ತಕರಾರು ತಗೀತಾರ. ಎರಡೂ ಕಡೆ ನಿಂದೇ ತಲಿ." ಭುಜಂಗರಾಯರು ನೀರು ಕುಡಿದು ದನಿ ಇಳಿಸಿದರು. "ಅಮೆರಿಕಾದಾಗ ನೀನೇ ಅರ್ಜಿ ಹಾಕಿ ವಾಪಸ್ ಕೇಳಬಹುದು. ಅದಕ್ಕ ಅಲ್ಲಿಂದೊಂದು ನಂಬರ್ ಬೇಕು, ನಂಬರಿಗೆ ಪಾಸ್‌ಪೋರ್ಟ್ ಬೇಕು, ಕೈಗೆ ಬರೂದ್ರಾಗ ಎರಡು ದೀಪಾವಳಿ ಆಗ್ತಾವ. ಆ ಡೋನಾಬಾಯಿ ಒಪ್ಪಿದ್ಲಂದ್ರ ಈ ವರ್ಷದ್ದು ಅಕಿನೇ ತಿದ್ದಿ ವಾಪಸ್ ಕೊಡ್ಲಾಕ ಬರ್ತದ. ಅಕಿಗಿ ಪುರಾವೆ ಕೊಡು. ನೀ ಪುಣೇದಾಗೇ ಕುಂತಿದ್ದಿ ಅಂತ."

ಇಷ್ಟೇ ತಾನೇ ಎಂದುಕೊಂಡು ಅನುಸೂಯಾ ಹೊರಟಳು. ತಾನು ಕೂತಲ್ಲಿ ಕೂತಿದ್ದೇನೆ ಎಂದು ತೋರಿಸುವುದು ಎಂಥ ಕಷ್ಟ ಎಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಆಧಾರ್ ಕಾರ್ಡಿನಲ್ಲಿ ಯಾದಗಿರಿಯ ಹಳ್ಳಿಯ ವಿಳಾಸವಿತ್ತು, ಹನುಮಪ್ಪನ ಗುಡಿ ಹತ್ತಿರ ಎಂದು. ಡೋನಾ, ಇದು ಪುಣೆಯಲ್ಲವಲ್ಲ ಎಂದಳು. ಲೈಟ್ ಬಿಲ್ಲು ಮನೆಯ ಮಾಲಕಿ ಅಂಬಾಬಾಯಿಯ ಗಂಡನ ಹೆಸರಿನಲ್ಲಿತ್ತು, ಆತ ಸತ್ತು ಹನ್ನೆರಡು ವರ್ಷ. ಬಾಡಿಗೆಯ ಕರಾರು ಬರೆದುಕೊಡಿ ಎಂದರೆ ಅಂಬಾಬಾಯಿ, "ಕರಾರ-ಬಿರಾರ ನಕೋ," ಎಂದು ಬಾಗಿಲು ಹಾಕಿಕೊಂಡಳು. ಕಾಗದ ಕೊಟ್ಟರೆ ಚಾಳಿನ ಬಾಡಿಗೆಯ ಲೆಕ್ಕ ಸರಕಾರಕ್ಕೆ ಸಿಗುತ್ತದೆಂದು ಅವಳ ಭಯ. ಕಂಪ್ಯೂಟರಿನ ದಾಖಲೆ ನೋಡಿ ಎಂದರೆ, ಅನುಸೂಯಾ ಕೆಲಸಕ್ಕೆ ಕೂರುವುದು ದೂರದಿಂದಲೇ ಡೇಟನ್ ಆಫೀಸಿನ ಒಂದು ಯಂತ್ರದೊಳಗೆ ಹೊಕ್ಕು. ಆ ದಾಖಲೆಯಲ್ಲೂ ಡೇಟನ್ನೇ. ಕಡೆಗೆ ಡೋನಾ ಸಮಾಧಾನದಿಂದಲೇ ಬರೆದಳು: ಪಾಸ್‌ಪೋರ್ಟಿನ ಪುಟಗಳನ್ನಾದರೂ ಕಳಿಸಿ, ನೀವು ಇಲ್ಲಿಗೆ ಬಂದಿಲ್ಲ ಎಂದು ನೋಡುತ್ತೇನೆ.

ಅದನ್ನು ಓದಿದ ದಿನ ಅನುಸೂಯಾಗೆ ಮೈಯೆಲ್ಲ ಉರಿದುಹೋಯಿತು. ಬಂದವರಿಗೆ ಪಾಸ್‌ಪೋರ್ಟಿನಲ್ಲಿ ಶಿಕ್ಕಾ ಒತ್ತುತ್ತಾರೆ, ಬಾರದವರಿಗೆ ಯಾರು ಒತ್ತುತ್ತಾರೆ? ಪಾಸ್‌ಪೋರ್ಟ್ ಮಾಡಿಸೋಣವೆಂದರೆ ಅದಕ್ಕೂ ಪುಣೆಯ ವಿಳಾಸದ ಪುರಾವೆ ಬೇಕಂತೆ. ಪುಣೆಯ ವಿಳಾಸಕ್ಕೆ ಸ್ವಂತ ಮನೆ ಬೇಕು, ಮನೆಗೆ ಸಾಲ ಬೇಕು, ಸಾಲಕ್ಕೆ ಪೂರ್ತಿ ಸಂಪಾದನೆ ಬರಬೇಕು, ಅದು ಬರಲು ಪುಣೆಯ ವಿಳಾಸ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗೆ. ಇಪ್ಪತ್ತೊಂದನೆಯ ತಾರೀಕು ಆಗಿತ್ತು. ಇನ್ನು ಹತ್ತು ದಿನ.

ಮರುದಿನ ಬೆಳಗ್ಗೆ ಎಂಟರ ಸುಮಾರಿಗೆ, ಎರಡು ಫೋನುಗಳ ನಡುವಿನ ಬಿಡುವಿನಲ್ಲಿ, ಅಡುಗೆಮನೆಯಿಂದ ಟಪ್ ಟಪ್ ಎಂದು ಸದ್ದು ಬಂತು. ಕೌದಿ ಜಾರಿ, ಹಲಗೆ ಬರಿಯ ನೆಲಕ್ಕೆ ತಾಗಿತ್ತು. ಆರು ತಿಂಗಳ ಸಿಟ್ಟೆಲ್ಲ ಅನುಸೂಯಾ ಅವ್ವನ ಮೇಲೆ ಸುರಿದಳು.

"ಎಷ್ಟ್ ಸಲ ಹೇಳ್ಬೇಕು ನಿನಗ? ಒಂದು ರೊಟ್ಟಿ ಸಲುವಾಗಿ ನನ್ನ ಕೆಲಸಾ ಕಳೀತೀ?"

ಹಿಟ್ಟಿನ ಕೈಯಲ್ಲೇ ಅವ್ವಮ್ಮ ಎದ್ದು ಬಾಗಿಲಿಗೆ ಬಂದು ನಿಂತಳು. ಎಂಟು ವರ್ಷ ಪಿಸುಗುಟ್ಟಿದ ಗಂಟಲು ಅಂದು ತನ್ನ ಹಳೆಯ ದನಿಗೆ ಏರಿತು.

"ಅಲ್ಲಬೇ, ನನ್ನ ರೊಟ್ಟಿ ಸಪ್ಪಳ ಕೇಳಿ ತಿಂಗಳಿಗೊಂದು ಚೀಟಿ ಕಳಿಸ್ತಾರ. ನಾ ಭಾಮಾನ ಕೂಡ ನೀರಿಗೆ ಜಗಳಾಡಿದ್ದು ಕೇಳಿ ಚೀಟಿ ಕಳಿಸ್ತಾರ. ಅಮೆರಿಕಾದಾಗ ಕುಂತು ಭಾಮಾನ ಬಾಯಿ ಕೇಳಾವ್ರಿಗಿ, ನೀ ಎಲ್ಲಿ ಕುಂತೀ ಅಂಬೂದು ಗೊತ್ತಾಗಂಗಿಲ್ಲೇನು?"

ಅನುಸೂಯಾ ಕಂಪ್ಯೂಟರಿನ ಮುಂದೆ ಕೂತು, ನಾಚಿಕೆಯಿಂದ ಯಾರಿಗೂ ತೋರಿಸದೆ ಒಂದೆಡೆ ಕೂಡಿಹಾಕಿದ್ದ ಆ ಎಚ್ಚರಿಕೆಯ ಮೇಲ್‌ಗಳನ್ನು ತೆರೆದಳು.

ಎಲ್ಲವೂ ಗ್ಯಾರಿಯ ಕಂಪನಿಯದೇ ಕಾಗದ. ಎಲ್ಲಕ್ಕೂ ತಾರೀಕು, ಗಂಟೆ, ಧ್ವನಿಯ ತುಣುಕು ಇತ್ತು. ಜನವರಿ ಹದಿನಾಲ್ಕು: ಹಿಂಬದಿಯಲ್ಲಿ ಲೋಹದ ಪಾತ್ರೆಗಳ ಸದ್ದು, ಇಬ್ಬರು ಹೆಂಗಸರ ಜಗಳ, ಭಾಷೆ ತಿಳಿಯದು. ಅದು ಅವ್ವ ಮತ್ತು ಪಕ್ಕದ ಮನೆಯ ಭಾಮಾ, ನಲ್ಲಿಯ ಸಾಲಿನಲ್ಲಿ. ಮಾರ್ಚ್ ಮೂರು: ನಾಲ್ಕು ನಿಮಿಷ ಒಂದೇ ಸಮನೆ ಚಪ್ಪಾಳೆ, ಕಾರಣ ತಿಳಿಸಿ. ಏಪ್ರಿಲ್‌ನಲ್ಲಿ ಒಬ್ಬ ಹೆಂಗಸು ದೊಡ್ಡ ದನಿಯಲ್ಲಿ ಯಾರನ್ನೋ ಕರೆಯುತ್ತಿದ್ದಳು. ಮೇ ತಿಂಗಳಲ್ಲಿ ರಸ್ತೆಯಲ್ಲಿ ಗಂಡಸಿನ ಕೂಗು, ಆಮೇಲೆ ಅದೇ ಹೆಂಗಸಿನ ದೀರ್ಘ ವಾದ. ಅವ್ವ ಹಳೆ ಸಾಮಾನು ಕೊಳ್ಳುವ ಭಂಗಾರದವನ ತಕ್ಕಡಿಯ ಮೇಲೆ ಅಪನಂಬಿಕೆ ತೋರಿಸಿದ ದಿನ. ಜೂನ್‌ನಲ್ಲಿ ಮತ್ತೆ ಚಪ್ಪಾಳೆ. ಇಷ್ಟನ್ನೂ ಕಟ್ಟಿ ಅನುಸೂಯಾ ಡೋನಾಗೆ ಕಳಿಸಿದಳು, ಡೇಟನ್‌ನಲ್ಲಿ ಇಂಥ ಸದ್ದು ಎಲ್ಲಿಯಾದರೂ ಕೇಳಿದ್ದೀರಾ ಎಂಬ ಒಂದು ಸಾಲಿನೊಡನೆ.

ಎರಡು ದಿನ ಬಿಟ್ಟು ಡೋನಾ ಫೋನು ಮಾಡಿದಳು. ಬೆಳಗಿನ ಆರೂವರೆ. ಮುದಿದನಿಯ, ನಿಧಾನದ ಹೆಂಗಸು. ಏಪ್ರಿಲ್‌ನ ತುಣುಕನ್ನು ಹಾಕಿ ಕೇಳಿಸಿದಳು. ಹಿಮಕ್ಕೆ ಒಡೆದ ಪೈಪಿನ ಬಗ್ಗೆ ಆನಾ ಹೇಳುತ್ತಿರುವ ಇಂಗ್ಲಿಷಿನ ಹಿಂದೆ, ಸ್ಪಷ್ಟವಾಗಿ, "ಅನುಸೂಯಾ... ಏ ಅನುಸೂಯಾ... ಚಾ ಆರಕತ್ತದ ನೋಡು" ಎಂಬ ಕೂಗು.

"ಇದು ಯಾರು?" ಎಂದು ಡೋನಾ ಇಂಗ್ಲಿಷಿನಲ್ಲಿ ಕೇಳಿದಳು.

"ನನ್ನ ತಾಯಿ."

"ಏನನ್ನುತ್ತಿದ್ದಾಳೆ?"

"ಚಹಾ ತಣ್ಣಗಾಗುತ್ತಿದೆ ಎನ್ನುತ್ತಿದ್ದಾಳೆ. ನನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೆ. ಫಾರಮ್ಮಿನಲ್ಲಿರುವ ಹೆಸರು."

"ಆಕೆ ಎಲ್ಲಿದ್ದಾಳೆ?"

"ಅಡುಗೆಮನೆಯಲ್ಲಿ. ನನ್ನಿಂದ ಆರು ಅಡಿ ದೂರ."

"ಅಡುಗೆಮನೆ ಎಲ್ಲಿದೆ?"

"ಪುಣೆಯಲ್ಲಿ."

ಎಂಟು ವರ್ಷದಲ್ಲಿ ಆ ಫೋನಿನೊಳಗೆ ಅವಳು ತನ್ನ ಊರಿನ ಹೆಸರು ಹೇಳಿದ್ದು ಅದೇ ಮೊದಲು.

ಡೋನಾ ಒಪ್ಪಿದಳು. ಜನವರಿ, ಮಾರ್ಚ್, ಏಪ್ರಿಲ್, ಮೇ, ಜೂನ್, ಈ ಐದು ತಿಂಗಳು ಮುರಿದದ್ದನ್ನು ಅದೇ ವಾರ ವಾಪಸು ಕಳಿಸುವುದಾಗಿ ಹೇಳಿದಳು. ಇನ್ನು ಮುಂದೆ ಬಿಲ್ಲಿನಲ್ಲಿ ಪುಣೆ ಎಂದೇ ಬರೆಯಬೇಕು ಎಂದಳು. ಫೆಬ್ರವರಿಯದನ್ನು ಮಾತ್ರ ಕೊಡಲಾಗುವುದಿಲ್ಲ.

"ಯಾಕೆ?"

"ಆ ತಿಂಗಳಿಗೆ ನಿಮ್ಮ ಹತ್ತಿರ ಏನೂ ಇಲ್ಲ. ಒಂದು ಎಚ್ಚರಿಕೆಯೂ ಇಲ್ಲ. ಬದಲಿಗೆ, ಹಿಂಬದಿಯಲ್ಲಿ ಚೂರೂ ಸದ್ದಿಲ್ಲದ ಅತ್ಯುತ್ತಮ ತಿಂಗಳು ಎಂದು ಹೊಗಳಿ ಬರೆದಿದ್ದಾರೆ."

ನಿಜವೇ. ಫೆಬ್ರವರಿಯಲ್ಲಿ ಅವ್ವಮ್ಮ ತಮ್ಮನ ಮಗಳ ಮದುವೆಗೆಂದು ಊರಿಗೆ ಹೋಗಿ, ತಿಂಗಳಿಡೀ ಅಲ್ಲೇ ಉಳಿದಿದ್ದಳು. ಅನುಸೂಯಾ ಬಾಗಿಲು ಕಿಟಕಿ ಬಿಗಿದುಕೊಂಡು, ಬ್ರೆಡ್ಡು ತಿಂದು, ಗೋಡೆ ನೋಡುತ್ತ ಕೆಲಸ ಮಾಡಿದ್ದಳು. ಆ ಶಾಭಾಸಿಗೆ ಆಗ ಹಿಗ್ಗಿದ್ದಳು ಬೇರೆ. ಈಗ ಅಮೆರಿಕದ ಲೆಕ್ಕದಲ್ಲಿ ಅವಳು ಆ ಇಪ್ಪತ್ತೆಂಟು ದಿನ ಡೇಟನ್‌ನಲ್ಲೇ ಇದ್ದಳು. ಭುಜಂಗರಾಯರಿಗೆ ಹೇಳಿದಾಗ ಅವರು ಎರಡೂ ದೇಶದ ಸರಕಾರಗಳನ್ನು ಸರಿಸಮನಾಗಿ ಬೈದು, "ಇರ್ಲಿ ಬಿಡವ್ವಾ, ಅವ್ವ ಇಲ್ದ ಮನಿ ಯಾವ ದೇಶದಾಗಿದ್ರೇನು," ಎಂದು ಮುಂದಿನ ಗಿರಾಕಿಯನ್ನು ಕರೆದರು.

ಇಪ್ಪತ್ತೊಂಬತ್ತಕ್ಕೆ ಹಣ ಬಂತು. ಮೂವತ್ತಕ್ಕೆ ಶಿವಾಜಿನಗರದ ಬ್ಯಾಂಕಿನವರು, ಐದು ತಿಂಗಳು ಸರಿಯಿದೆ, ಫೆಬ್ರವರಿ ಒಂದು ಯಾಕೆ ಕಡಿಮೆ ಎಂದು ಕೇಳಿದರು. ಆ ತಿಂಗಳು ಅಮ್ಮ ಮನೆಯಲ್ಲಿರಲಿಲ್ಲ ಎಂದಳು ಅನುಸೂಯಾ. ಅವರಿಗೆ ಏನು ಅರ್ಥವಾಯಿತೋ, ಸಾಲ ಮಂಜೂರು ಮಾಡಿದರು.

ಗ್ಯಾರಿಯ ಹಠ ಮಾತ್ರ ಹಾಗೇ ಉಳಿಯಿತು. ಬಿಲ್ಲಿನಲ್ಲಿ ಪುಣೆ ಬರೆ, ಗಿರಾಕಿಗೆ ಡೇಟನ್ನೇ ಹೇಳು ಎಂದ. ಎಚ್ಚರಿಕೆಯ ಮೇಲ್‌ಗಳೂ ನಿಲ್ಲಲಿಲ್ಲ. ಹೊಸ ಮನೆಗೆ ಬಂದ ಮೊದಲ ವಾರವೇ ಒಂದು ಬಂತು: ಹಿಂಬದಿಯಲ್ಲಿ ತುಂಬ ಹೊತ್ತು ನಲ್ಲಿಯ ನೀರು ಬೀಳುವ ಸದ್ದು. ಅವ್ವಮ್ಮ ಸುಮ್ಮನೆ ಬಿಟ್ಟುಕೊಂಡು ನೋಡುತ್ತ ನಿಂತಿದ್ದಳು. ಮಗಳ ಮುಖ ನೋಡಿ ಗಾಬರಿಯಿಂದ ಬಂದ್ ಮಾಡಿದಳು.

"ಬೈದ್ರೇನು?" ಎಂದು ಹಳೆಯ ರೂಢಿಯಂತೆ ಪಿಸುಗುಟ್ಟಿದಳು.

"ಬೈದಾರ," ಎಂದಳು ಅನುಸೂಯಾ, ಮೇಲ್ ಅನ್ನು ಜೋಪಾನವಾಗಿ ಆಗಸ್ಟ್ ಎಂಬ ಹೆಸರಿನಲ್ಲಿ ಎತ್ತಿಡುತ್ತ. "ಚೊಲೊ ಆಯ್ತು."

ಅವ್ವಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಕೇಳಲೋ ಬೇಡವೋ ಎಂಬಂತೆ ಕೇಳಿದಳು.

"ಬರೂ ಫೆಬ್ರವರಿದಾಗ ತಮ್ಮನ ಹಿರಿಮಗನ ಕೂಸಿನ ತಲಿಗೂದ್ಲಾ ತೆಗ್ಯೂ ಜವಳ ಇಟ್ಕೊಂಡಾರಂತ. ಹೋಗಿ ಬರ್ಲೇನು?"

"ಹೋಗು. ಯಾರ್ ಬ್ಯಾಡಂತಾರ?" ಎಂದಳು ಅನುಸೂಯಾ. ಫೋನು ಹೊಡೆದುಕೊಳ್ಳುತ್ತಿತ್ತು; ಎತ್ತುವ ಮೊದಲು ಅವ್ವನ ಕಡೆ ತಿರುಗಿದಳು. "ಆದ್ರ ಒಂದನೇ ತಾರೀಕಿಗೆ ಇಲ್ಲೇ ಇದ್ದು, ನಾಕು ರೊಟ್ಟಿ ಜೋರಾಗಿ ಬಡದು, ನನ್ನ ಹೆಸರು ಹಿಡದು ಒಮ್ಮಿ ಕರದು ಹ್ವಾದ್ರ ಸಾಕು."